ಬೇಳೆ ಡಬ್ಬಿಗೆ ಒರಗಿಸಿದ ಫೋನು

ಸೆಪ್ಟೆಂಬರ್ 1, ಸೋಮವಾರ

ಇವತ್ತು ಇವರು ಪಲ್ಯಕ್ಕೆ ಉಪ್ಪು ಹಾಕುವುದನ್ನೇ ಮರೆತರು. ಸಾವಿರಾರು ಮೈಲಿ ಆಚೆ ಕೂತು ನಾನೇ ನೆನಪು ಮಾಡಬೇಕಾಯಿತು. ಉಪ್ಪಿನ ಡಬ್ಬಿಯ ಮುಚ್ಚಳ ಬಹಳ ಬಿಗಿ, ತೆಗೆಯುವಾಗ ಟಪ್ ಅನ್ನುತ್ತದೆ. ಸಾಸಿವೆ ಸಿಡಿಯಿತು, ತರಕಾರಿ ಬಿತ್ತು, ನೀರು ಬಿತ್ತು, ತಟ್ಟೆ ಮುಚ್ಚಿದರು. ಟಪ್ ಮಾತ್ರ ಬರಲೇ ಇಲ್ಲ.

“ರೀ, ಉಪ್ಪು!” ಅಂದೆ.

“ಅಯ್ಯೋ, ಹೌದಲ್ಲ! ನೀನು ಅಲ್ಲಿದೀಯೋ ಇಲ್ಲೇ ಇದೀಯೋ?” ಅಂದರು. ಮಗಳು ಬಿದ್ದು ಬಿದ್ದು ನಕ್ಕಳು.

ನಮ್ಮ ಮನೆಯ ಪದ್ಧತಿ ಇದು. ನಾನು ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನ ಕೋಣೆಗೆ ಬರುವಷ್ಟರಲ್ಲಿ ಅಲ್ಲಿ ಸಂಜೆ. ಇವರು ಶಾಲೆಯ ಮಕ್ಕಳನ್ನೆಲ್ಲ ವ್ಯಾನಿನಲ್ಲಿ ಮನೆ ಮುಟ್ಟಿಸಿ ಬಂದು ಒಲೆ ಹಚ್ಚಿರುತ್ತಾರೆ. ಆಗ ಫೋನ್ ಮಾಡುತ್ತೇನೆ. ಮೊದಮೊದಲು ಎದುರಿಗೆ ಕೂತು ಮಾತಾಡುತ್ತಿದ್ದರು. ದಿನಾ ಹೊಸ ವಿಷಯ ಎಲ್ಲಿಂದ ತರುತ್ತಾರೆ, ಪಾಪ? ಊಟ ಆಯ್ತಾ, ಆಯ್ತು, ಮತ್ತೇನು, ಏನಿಲ್ಲ. ಅದಕ್ಕೇ ಈಗ ಫೋನನ್ನು ಅಡುಗೆಮನೆಯ ಶೆಲ್ಫಿನಲ್ಲಿ ಬೇಳೆ ಡಬ್ಬಿಗೆ ಒರಗಿಸಿ ಅವರ ಪಾಡಿಗೆ ಅವರು ಕೆಲಸ ಮಾಡಿಕೊಳ್ಳುತ್ತಾರೆ. ನಾನು ನನ್ನ ಮಂಚದ ಮೇಲೆ ಕಾಲು ಚಾಚಿಕೊಂಡು ಕೇಳುತ್ತೇನೆ. ಮನೆಯಲ್ಲೇ ಇದ್ದ ಹಾಗಿರುತ್ತದೆ.

ತಮಾಷೆ ಏನೆಂದರೆ ಆ ಅಡುಗೆಮನೆಗೆ ನಾನು ಇನ್ನೂ ಕಾಲಿಟ್ಟಿಲ್ಲ. ಹಿಂದಿನ ಸಲ ರಜೆಗೆ ಹೋದಾಗ ಇದ್ದದ್ದು ಬಾಡಿಗೆ ಮನೆ. ಹೊಸ ಮನೆ ಎದ್ದದ್ದು, ಗೃಹಪ್ರವೇಶ ಆದದ್ದು, ಎಲ್ಲ ಆಮೇಲೆ. ಆದರೂ ಯಾವ ಡಬ್ಬಿ ಯಾವ ಸಾಲಿನಲ್ಲಿದೆ, ಯಾವ ನಲ್ಲಿ ಸೋರುತ್ತದೆ, ಕೇಳಿ ನೋಡಿ. ಅಲ್ಲೇ ಓಡಾಡುವವರಿಗಿಂತ ಚೆನ್ನಾಗಿ ಹೇಳುತ್ತೇನೆ.

ಸೆಪ್ಟೆಂಬರ್ 3, ಬುಧವಾರ

ಕೆಲಸದಲ್ಲಿ ಮೇಲ್ವಿಚಾರಕಿ ಕರೆದಳು. ಮಾತಿಗೊಮ್ಮೆ ಕೈಗಡಿಯಾರ ನೋಡುವುದು ಅವಳ ಅಭ್ಯಾಸ; ನಾನು ಇಟ್ಟ ಹೆಸರು ಗಡಿಯಾರಮ್ಮ. ನನ್ನ ಕರಾರು ಮುಗಿಯುತ್ತಿದೆಯಂತೆ. ಇನ್ನೆರಡು ವರ್ಷ ಇರುವುದಾದರೆ ಸಹಿ ಹಾಕಬೇಕು, ಸಹಿ ಹಾಕಿದರೆ ಒಂದು ತಿಂಗಳು ರಜೆ ಕೊಟ್ಟು ಮನೆಗೆ ಕಳಿಸಿ ಮತ್ತೆ ಕರೆಸಿಕೊಳ್ಳುತ್ತಾರೆ. ಬೇಡವಾದರೆ ಬೇಡ. “ಈ ತಿಂಗಳ ಕೊನೇ ದಿನದೊಳಗೆ ಹೇಳು,” ಅಂದು ಗಡಿಯಾರ ನೋಡಿದಳು, ಅದರೊಳಗೇ ತಿಂಗಳೂ ಕಾಣಿಸುತ್ತದೆ ಅನ್ನುವ ಹಾಗೆ.

ಹೋಟೆಲಿನ ನೆಲಮಾಳಿಗೆಯಲ್ಲಿ ನಮ್ಮದು ಹೊಲಿಗೆ ಕೋಣೆ. ಪಕ್ಕದಲ್ಲಿ ಒಗೆಯುವ ಯಂತ್ರಗಳು, ಆಚೆ ಇಸ್ತ್ರಿ. ಮೇಲಿನ ಕೋಣೆಗಳಿಂದ ಇಳಿದು ಬಂದ ಹಾಸಿಗೆ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವುದು ನನ್ನ ಕೆಲಸ. ಚಿಕ್ಕ ತೂತಾದರೆ ರಫು. ಅಂಚು ಹರಿದಿದ್ದರೆ ಮಡಿಚಿ ಹೊಲಿಗೆ. ನಡುವೆ ಹರಿದಿದ್ದರೆ ಕತ್ತರಿಸಿ ದಿಂಬಿನ ಚೀಲ. ಅದೂ ಹರಿದರೆ ಒರೆಸುವ ಬಟ್ಟೆ. ಇಲ್ಲಿ ಯಾವುದನ್ನೂ ಬಿಸಾಡುವುದಿಲ್ಲ, ಕೆಲಸ ಬದಲಾಯಿಸುತ್ತಾರೆ ಅಷ್ಟೆ.

ಕೋಣೆಗೆ ಬಂದವಳೇ ಯೋಚನೆ ಮಾಡಿದೆ. ಮಾಡುವುದೇನಿದೆ? ಮನೆಗೋಸ್ಕರ ಬಂದಿದ್ದೆ, ಮನೆ ಆಯಿತು. ನನಗೆ ಹೋಗಬೇಕು. ಎಷ್ಟು ಹೋಗಬೇಕು ಅಂದರೆ, ಮಂಚದ ಕೆಳಗಿನ ಪೆಟ್ಟಿಗೆ ಎಳೆದು ಆಗಲೇ ಧೂಳು ಒರೆಸಿಟ್ಟೆ. ಆದರೆ ನಾನಾಗಿ ಕೇಳುವವಳಲ್ಲ. ನಾನು “ಬರಲಾ?” ಅಂದು ಅವರು “ಹೂಂ” ಅನ್ನುವುದು ಬೇರೆ, ಅವರಾಗಿ “ಸಾಕು ಬಾ” ಅನ್ನುವುದು ಬೇರೆ. ತಿಂಗಳೊಳಗೆ ಮೂವರಲ್ಲಿ ಒಬ್ಬರಾದರೂ, ಇವರೋ ಮಗಳೋ ಅತ್ತೆಯೋ, ಬಾ ಅನ್ನಲಿ. ಅಂದ ಮರುಕ್ಷಣ ಗಂಟುಮೂಟೆ ಕಟ್ಟುತ್ತೇನೆ. ಕರಾರಿನ ವಿಷಯ ಅವರಿಗೆ ಹೇಳುವುದಿಲ್ಲ. ಹೇಳಿದರೆ ಬಾಯಿಗೆ ಕೋಲು ಹಾಕಿ ಬಾ ಅನ್ನಿಸಿದ ಹಾಗೆ ಆಗುತ್ತದೆ.

ಜಂಬ ಅಂದರೆ ಜಂಬ. ಇಷ್ಟು ವರ್ಷ ದುಡಿದಿದ್ದೇನೆ, ಇಷ್ಟಾದರೂ ಬೇಡವೆ?

ಸೆಪ್ಟೆಂಬರ್ 7, ಭಾನುವಾರ

ಗಾಳ ಹಾಕಿ ನೋಡಿದೆ.

“ಇಲ್ಲಿ ನಮ್ಮ ಜೊತೆಯವಳೊಬ್ಬಳು ಕೆಲಸ ಬಿಟ್ಟು ಊರಿಗೆ ಹೊರಟಿದಾಳಂತೆ ರೀ,” ಅಂದೆ. ಹಾಗೆ ಹೊರಟವಳು ಯಾರೂ ಇಲ್ಲ.

“ಹೌದಾ? ಪಾಪ, ಯಾಕಂತೆ? ಹುಷಾರಿಲ್ವಾ?” ಅಂದರು ಇವರು.

“ಹುಷಾರಾಗೇ ಇದಾಳೆ. ಮನೆಯವರು ಕರೆದ್ರಂತೆ.”

“ಓಹೋ,” ಅಂದು ಇವರು ಕುಕ್ಕರಿನ ಮುಚ್ಚಳ ಹಾಕಿದರು. ಮೀನು ಗಾಳದ ಹತ್ತಿರಕ್ಕೂ ಬರಲಿಲ್ಲ. ಮಗಳನ್ನು ಮಾತಾಡಿಸಿದೆ, “ಏನೇ, ಅಮ್ಮನ ನೆನಪಾಗಲ್ವಾ?” ಅಂತ. “ದಿನಾ ಇಲ್ಲೇ ಇರ್ತೀಯಲ್ಲಮ್ಮಾ, ನೆನಪು ಯಾಕಾಗ್ಬೇಕು?” ಅಂದಳು. ಒಂಬತ್ತನೇ ಕ್ಲಾಸಿಗೆ ಬಂದ ಮೇಲೆ ನಾಲಿಗೆ ಚುರುಕಾಗಿದೆ. ನನ್ನ ಮಗಳಲ್ಲವೆ.

ಅಳುಮುಂಜಿ ಮುಖ ತೋರಿಸಬಾರದು ಅಂತ ಫೋನ್ ಮಾಡುವ ಮುಂಚೆ ದಿನಾ ಮುಖ ತೊಳೆದು ತಲೆ ಬಾಚಿಕೊಳ್ಳುತ್ತೇನೆ. ಇವತ್ತು ಕೆರೆಯ ದಂಡೆಗೆ ಗೆಳತಿಯರ ಜೊತೆ ಹೋಗಿದ್ದೆ, ದೋಣಿಯಲ್ಲಿ ಕೂತೆವು, ಒಬ್ಬಳ ಚಪ್ಪಲಿ ನೀರಿಗೆ ಬಿತ್ತು, ನಕ್ಕೂ ನಕ್ಕೂ ಸಾಕಾಯಿತು ಅಂತ ಕಥೆ ಕಟ್ಟಿದೆ. ಕೆರೆ ಇರುವುದೇನೋ ನಿಜ. ಬಸ್ಸಿನ ಕಿಟಕಿಯಿಂದ ಕಾಣಿಸುತ್ತದೆ. ಇವರಿಗೆ ಆ ಚಪ್ಪಲಿಯ ಕಥೆ ಬಹಳ ಹಿಡಿಸಿತು. ಅತ್ತೆಗೆ ಇನ್ನೊಮ್ಮೆ ಹೇಳು ಅಂದರು, ಹೇಳಿದೆ.

ಸೆಪ್ಟೆಂಬರ್ 11, ಗುರುವಾರ

ಸೀಟಿ ಇವತ್ತು ಬೇಗ ಬಂದಳು. ಸೀಟಿ ಅಂದರೆ ನನ್ನ ಕೋಣೆಯವಳು. ಮಲಗಿದರೆ ಮೂಗು ಸಣ್ಣಗೆ ಸೀಟಿ ಹೊಡೆಯುತ್ತದೆ. ಅವಳ ದೇಶ ಬೇರೆ, ಭಾಷೆ ಬೇರೆ. ನಮ್ಮಿಬ್ಬರ ನಡುವೆ ಇರುವುದು ಬೆರಳೆಣಿಕೆಯ ಮಾತು: ನೀರು, ದೀಪ, ಹಸಿವು, ನಿದ್ದೆ, ಸಾಕು. ಅವಳದೂ ಇದೇ ಚಾಳಿ, ಫೋನನ್ನು ದಿಂಬಿಗೆ ಒರಗಿಸಿಕೊಂಡು ಅವಳ ಮನೆಯ ಸದ್ದು ಕೇಳುತ್ತಾ ಕೂರುವುದು. ಅಲ್ಲಿ ಸದಾ ಮಗುವಿನ ಅಳು. ಒಂದು ಕಡೆ ನನ್ನ ಕುಕ್ಕರು, ಒಂದು ಕಡೆ ಅವಳ ಮಗು. ಒಬ್ಬರ ಮುಖ ಒಬ್ಬರು ನೋಡಿ ನಗುತ್ತೇವೆ.

ಮನೆಯಲ್ಲಿ ಏನೋ ಗಡಿಬಿಡಿ. ನಾನು ಬದನೆಕಾಯಿ ಹೆಚ್ಚಿ ನೀರಿಗೆ ಹಾಕಿ, ಕಪ್ಪಾಗುತ್ತೆ ಅಂತ ಎರಡು ಸಲ ಹೇಳಿದೆ. ಆಗ ಅತ್ತೆ ಒಳಗೆ ಬಂದು, “ಅದನ್ನ ಸ್ವಲ್ಪ ಸಣ್ಣ ಮಾಡೋ, ತಲೆ ಸಿಡೀತಾ ಇದೆ,” ಅಂದರು. ಟೀವಿ ಇರಬೇಕು. ಸಂಜೆ ಹೊತ್ತು ಕಿವಿ ಕಿತ್ತುಹೋಗುವ ಹಾಗೆ ಹಾಕಿರುತ್ತಾರೆ. ಸಣ್ಣ ಮಾಡಿದ್ದು ಒಳ್ಳೆಯದೇ ಆಯಿತು, ನನಗೂ ಅಡುಗೆಮನೆ ಚೆನ್ನಾಗಿ ಕೇಳಿಸಿತು.

ಆಮೇಲೆ ಒಲೆ ಸಣ್ಣ ಉರಿಗೆ ಇಡಿ ಅಂದೆ. ಇಡಲಿಲ್ಲ. ಸೀದ ವಾಸನೆ ನನಗೇ ಬಂದ ಹಾಗಾಯಿತು.

ಸೆಪ್ಟೆಂಬರ್ 14, ಭಾನುವಾರ

ಸೀಟಿ ಹೊರಟಳು! ನಾನು ಇವರಿಗೆ ಸುಳ್ಳು ಹೇಳಿದ್ದು ಅವಳ ಪಾಲಿಗೆ ನಿಜವಾಯಿತು. ಬೆಳಗ್ಗೆ ಎದ್ದು ನೋಡಿದರೆ ಪೆಟ್ಟಿಗೆ ತೆರೆದುಕೊಂಡು ಬಟ್ಟೆ ತುಂಬುತ್ತಿದ್ದಾಳೆ. ಕೈಸನ್ನೆಯಲ್ಲಿ ಕೇಳಿದೆ, ಮನೆಯವರು ಕರೆದರಾ ಅಂತ. ಇಲ್ಲ ಅಂತ ತಲೆ ಆಡಿಸಿದಳು. ಯಾರಾದರೂ ಸತ್ತರಾ? ಇಲ್ಲ. ಇಲ್ಲಿಯವರು ತೆಗೆದುಹಾಕಿದರಾ? ಇಲ್ಲ. ಮತ್ತೆ? ಎದೆಯ ಮೇಲೆ ಕೈಯಿಟ್ಟು, “ಸಾಕು,” ಅಂದಳು.

ಇಷ್ಟೇ. ಕರೆಯಲಿಲ್ಲ, ಕಳಿಸಲಿಲ್ಲ, ಮಾನ ಮರ್ಯಾದೆ ಬಿಟ್ಟು ಸುಮ್ಮನೆ ಎದ್ದು ಹೊರಟೇಬಿಟ್ಟಳು. ಅಲ್ಲಿ ಬಾಗಿಲು ತೆರೆದವರು “ಯಾಕೆ ಬಂದೆ?” ಅಂದರೆ ಏನು ಮಾಡುತ್ತಾಳಂತೆ? ನನಗಂತೂ ಅಷ್ಟು ಧೈರ್ಯವಿಲ್ಲ. ಧೈರ್ಯ ಅಂತ ಯಾಕೆ ಬರೆದೆನೋ. ಬುದ್ಧಿಗೇಡಿತನ ಅನ್ನಬೇಕಿತ್ತು.

ಹೋಗುವಾಗ ತಬ್ಬಿಕೊಂಡಳು. ಬಹಳ ದಿನದಿಂದ ಯಾರೂ ನನ್ನನ್ನು ಮುಟ್ಟಿರಲಿಲ್ಲವಲ್ಲ, ಬೆನ್ನು ಬೆದರಿ ಸೆಟೆದುಕೊಂಡಿತು. ಅವಳು ಮೆಟ್ಟಿಲಿಳಿದ ಮೇಲೆ ನಾಚಿಕೆಯಾಯಿತು.

ಸೆಪ್ಟೆಂಬರ್ 17, ಬುಧವಾರ

ಪಕ್ಕದ ಮಂಚಕ್ಕೆ ಹೊಸಬರು ಬಂದಿಲ್ಲ. ಹಾಸಿಗೆ ಸುತ್ತಿಟ್ಟಿದ್ದಾರೆ. ನಿದ್ದೆ ಬರುತ್ತಿಲ್ಲ, ಸೀಟಿ ಇಲ್ಲದ್ದಕ್ಕೆ. ಅವಳಿದ್ದಾಗಲೂ ಬರುತ್ತಿಲ್ಲ ಅಂತ ಬೈಯುತ್ತಿದ್ದೆ.

ಇವತ್ತು ಮನೆಗೆ ಫೋನ್ ಮಾಡಿದಾಗ ಮಗಳು ಎತ್ತಿ, “ಅಮ್ಮಾ, ಇಟ್ಟೆ,” ಅಂದಳು. ಶೆಲ್ಫಿನ ಮೇಲೆ ಇಟ್ಟಳು.

ಸೆಪ್ಟೆಂಬರ್ 18, ಗುರುವಾರ

ಫೋನನ್ನು ಒರಗಿಸಲಿಲ್ಲ, ಮಲಗಿಸಿದ್ದರು. ಸೂರು ಕಾಣಿಸಿತು. ಬಿಳಿ ಸುಣ್ಣ ಚೆನ್ನಾಗಿ ಹೊಡೆದಿದ್ದಾರೆ.

ಸೆಪ್ಟೆಂಬರ್ 21, ಭಾನುವಾರ

ಬ್ರೆಡ್ ತರಲು ಅಂಗಡಿಗೆ ಹೋಗಿದ್ದೆ. ಗಲ್ಲಾದಲ್ಲಿ ಕೂತವಳು ಚೀಲ ಬೇಕಾ ಅಂತ ಕೇಳಿದಳು. ಬೇಡ ಅನ್ನಲು ಬಾಯಿ ತೆರೆದರೆ ದನಿಯೇ ಹೊರಡಲಿಲ್ಲ, ಗೊರಗೊರ ಅಂದಿತು. ಅವಳು ಹೆದರಿ ನೋಡಿದಳು. ನೆನ್ನೆ ಪಾಳಿ ಮುಗಿಸಿ ಬಂದಮೇಲೆ ಒಂದು ಮಾತೂ ಆಡಿರಲಿಲ್ಲ ಅಂತ ಆಮೇಲೆ ಹೊಳೆಯಿತು. ಶೀತ ಇರಬೇಕು. ಬಿಸಿನೀರು ಕುಡಿದೆ.

ಮನೆಯವರೂ ಈಚೆಗೆ ನನ್ನ ಮಾತಿಗೆ ಉತ್ತರ ಕೊಡುವುದು ಕಡಿಮೆ. ಪರವಾಗಿಲ್ಲ, ಮನೆಯೆಂದಮೇಲೆ ಎಲ್ಲ ಮಾತಿಗೂ ಯಾರು ಉತ್ತರ ಕೊಡುತ್ತಾರೆ? ನಾನೂ ಹೇಳುವುದನ್ನು ಬಿಟ್ಟಿದ್ದೇನೆ. ಕೇಳುವುದರಲ್ಲೇ ಸುಖ. ಅವರು ತಟ್ಟೆ ಹಾಕಿದ ಸದ್ದಾದರೆ ನಾನೂ ಬ್ರೆಡ್ಡಿನ ಪೊಟ್ಟಣ ಬಿಚ್ಚುತ್ತೇನೆ. ಇವರು ಎರಡನೆಯ ಸಲ ಅನ್ನ ಬಡಿಸಿಕೊಂಡರೆ ನಾನು ಇನ್ನೊಂದು ತುಂಡು. ಅವರು ಕೈ ತೊಳೆದರೆ ನಾನೂ ಎದ್ದು ತೊಳೆಯುತ್ತೇನೆ. ಪಂಕ್ತಿಯಲ್ಲಿ ನಡುವೆ ಏಳಬಾರದಲ್ಲ.

ಈ ಕೋಣೆಯಲ್ಲಿ ನಾನು ಅಡುಗೆ ಮಾಡಿ ಎಷ್ಟು ದಿನವಾಯಿತೋ ನೆನಪಿಲ್ಲ. ಒಲೆಯ ಮೇಲೆ ಬಟ್ಟೆ ಒಣಗಲು ಹಾಕಿದ್ದೇನೆ.

ಸೆಪ್ಟೆಂಬರ್ 24, ಬುಧವಾರ

ಕೆಲಸದಲ್ಲಿ ಮಾನ ಹೋಯಿತು. ರಫು ಮಾಡುತ್ತಾ ಕೂತಿದ್ದೆ. ಹಿಂದೆ ಯಾರೋ ಬಟ್ಟೆಸೋಡದ ಡಬ್ಬಿಯ ಮುಚ್ಚಳ ತೆಗೆದರು, ಟಪ್ ಅಂತ. ನಾನು ತಲೆಯೆತ್ತದೆ ಗಟ್ಟಿಯಾಗಿ, “ಜಾಸ್ತಿ ಹಾಕ್ಬೇಡಿ, ಅತ್ತೆಗೆ ಆಗಲ್ಲ,” ಅಂದುಬಿಟ್ಟೆ. ಕೋಣೆಗೆ ಕೋಣೆಯೇ ತಿರುಗಿ ನೋಡಿತು. ಯಾರಿಗೂ ಭಾಷೆ ತಿಳಿಯುವುದಿಲ್ಲ, ಅದೊಂದು ಪುಣ್ಯ. ಇಸ್ತ್ರಿಯವಳು ಮಾತ್ರ ನಗದೆ ಹತ್ತಿರ ಬಂದು ನನ್ನ ಹಣೆ ಮುಟ್ಟಿ ನೋಡಿದಳು. ಎಲ್ಲರಿಗೂ ಎಲ್ಲದರಲ್ಲೂ ಜ್ವರವೇ ಕಾಣಿಸುತ್ತದೆ.

ಪಾಳಿ ಮುಗಿಯುವಾಗ ಗಡಿಯಾರಮ್ಮ ನೆನಪಿಸಿದಳು. “ಹೂಂ ಅಂತೀಯಾ, ಊಹೂಂ ಅಂತೀಯಾ?” ಇನ್ನೂ ಟೈಮಿದೆಯಲ್ಲ ಅಂದೆ. ನಾನೇ ಅವಳ ಕೈಗಡಿಯಾರ ನೋಡಿದೆ.

ಒಬ್ಬರೂ ಬಾ ಅಂದಿಲ್ಲ. ಮೂರು ವಾರ ಕಿವಿಯನ್ನು ಆ ಶೆಲ್ಫಿನ ಮೇಲೇ ಇಟ್ಟು ಕೂತಿದ್ದೇನೆ. ಬೀದಿಯ ನಾಯಿಗೂ ಬಾ ಬಾ ಅಂತ ಅನ್ನ ಹಾಕುತ್ತಾರೆ ಅತ್ತೆ, ಅದೂ ಕೇಳಿಸುತ್ತದೆ. ಎಂಥ ಮಾತು ಬರೆಯುತ್ತಿದ್ದೇನೆ. ಆದರೆ ಹೊಟ್ಟೆ ಉರಿದದ್ದು ನಿಜ.

ಸೆಪ್ಟೆಂಬರ್ 27, ಶನಿವಾರ

ಎಲ್ಲಿಂದ ಬರೆಯಲಿ?

ಫೋನ್ ಮಾಡಿದೆ. “ಇಟ್ಟೆ ಅಮ್ಮಾ,” ಅಂದಳು ಮಗಳು. ಸೂರು. ನಾನು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡೆ. ಈರುಳ್ಳಿ ಹೆಚ್ಚುವ ಸದ್ದು. ಮಗಳೇ ಹೆಚ್ಚುತ್ತಿದ್ದಳು, ಇವರಾದರೆ ಇಷ್ಟು ಸಲೀಸಾಗಿ ಹೆಚ್ಚುವುದಿಲ್ಲ. ಯಾವಾಗ ಕಲಿತಳೋ. ಸ್ವಲ್ಪ ಹೊತ್ತಾದ ಮೇಲೆ ಅವಳೇ ಮಾತು ತೆಗೆದಳು.

“ಅಪ್ಪಾ, ಮನೆ ಆಯ್ತಲ್ಲ. ಇನ್ನು ಅಮ್ಮ ಪೂರ್ತಿ ವಾಪಸ್ ಬಂದ್ಬಿಡ್ತಾಳಾ?”

ನಾನು ಎದ್ದು ಕೂತೆ.

“ಯಾಕೆ? ಏನಾದ್ರೂ ಹೇಳಿದ್ಲಾ?” ಇವರ ದನಿ.

“ಇಲ್ಲ, ಸುಮ್ನೆ ಕೇಳ್ದೆ. ನಾವೇ ಬಾ ಅನ್ನೋಣ್ವಾ?”

ಇವರು ನಲ್ಲಿ ತಿರುಗಿಸಿದರು. ಅಷ್ಟು ನೀರು ಯಾತಕ್ಕೆ ಬಿಟ್ಟರೋ. ನಲ್ಲಿ ನಿಂತ ಮೇಲೆ ಇವರು ಹೇಳಿದರು:

“ಬೇಡ ಪುಟ್ಟಿ. ಅಲ್ಲಿ ಅವಳು ಎಷ್ಟು ಗೆಲುವಾಗಿದಾಳೆ ನೋಡಿದೀಯಲ್ಲ. ಕೆರೆ ಅಂತೆ, ದೋಣಿ ಅಂತೆ, ಗೆಳತೀರಂತೆ. ಇಲ್ಲಿದ್ದಾಗ ಯಾವತ್ತು ಅಷ್ಟು ನಕ್ಕಿದ್ಲು ಹೇಳು? ನಾವು ಬಾ ಅಂದ್ರೆ ನಮ್ಮ ಮುಖ ನೋಡಿ ಬರ್ತಾಳೆ. ಬಂದು ಇಲ್ಲಿ ಏನು ಮಾಡ್ತಾಳೆ?”

“ಅದೆಲ್ಲ ಇರ್ಲಿ. ನಿನಗೆ ಅವಳು ಬರ್ಬೇಕಾ ಬೇಡ್ವಾ?”

ಇವರು ನಕ್ಕರು. ಬೇಜಾರಾದಾಗ ನಗುವ ನಗು ಅದು, ಮೂಗಿನಿಂದ.

“ನಿಜ ಹೇಳ್ಲಾ? ಭಯ ಆಗತ್ತೆ ಕಣೆ. ನಮಗೂ ಹೇಗೋ ಒಗ್ಗಿಹೋಯ್ತು. ಬೇಯ್ಸಿದ್ದೇ ಅಡುಗೆ, ಎದ್ದಾಗಲೇ ಬೆಳಗು. ಅವಳು ಬಂದ್ರೆ ಎಲ್ಲಾ ಮೊದಲಿಂದ ಕಲೀಬೇಕು. ಅವಳೂ ಕಲೀಬೇಕು, ಪಾಪ. ಅವಳಿಗೆ ಈ ಮನೇಲಿ ಸ್ವಿಚ್ ಎಲ್ಲಿದೆ ಅಂತ ಗೊತ್ತಿಲ್ಲ.”

“ಗೊತ್ತು!” ಅಂತ ಕೂಗಿದೆ. “ಬಾಗಿಲ ಪಕ್ಕ, ಬಲಗಡೆ! ರೀ, ನಾನು ಕೇಳ್ತಾ ಇದೀನಿ! ನಾನು ನಗ್ತಾ ಇಲ್ಲ ರೀ, ಆ ಕೆರೆಗೆ ನಾನು ಹೋಗೇ ಇಲ್ಲ!”

ಈರುಳ್ಳಿ ಹೆಚ್ಚುವ ಸದ್ದು ಹಾಗೇ ಮುಂದುವರಿಯಿತು. ಇನ್ನೂ ಜೋರಾಗಿ ಕೂಗಿದೆ. ಪಕ್ಕದ ಕೋಣೆಯವರು ಗೋಡೆ ಬಡಿದರು. ಅಲ್ಲಿ ಯಾರೂ ತಿರುಗಲಿಲ್ಲ. ಆಗ ತಿಳಿಯಿತು. ಅವತ್ತು ಅತ್ತೆ ಸಣ್ಣ ಮಾಡು ಅಂದದ್ದು ಟೀವಿಯನ್ನಲ್ಲ.

ಅತ್ತೆ ಆಮೇಲೆ ಬಂದರು. “ಫೋನು ಇನ್ನೂ ಹತ್ಕೊಂಡೇ ಇದೆಯಲ್ಲೋ.”

“ಇರ್ಲಿ ಬಿಡಮ್ಮ,” ಅಂದರು ಇವರು. “ಅವಳು ಅಲ್ಲಿ ಇಟ್ಟು ಎಲ್ಲೋ ಓಡಾಡ್ತಾ ಇರ್ತಾಳೆ. ಇಷ್ಟೊತ್ತು ಯಾರು ಕೇಳ್ತಾ ಕೂರ್ತಾರೆ? ಹತ್ಕೊಂಡಿದ್ರೆ ಅವಳು ಇದಾಳೆ ಅನ್ಸತ್ತೆ.”

ನಾನು ಕಟ್ ಮಾಡಲಿಲ್ಲ. ಅವರು ಉಂಡು, ಪಾತ್ರೆ ತೊಳೆದು, ದೀಪ ಆರಿಸುವವರೆಗೂ ಅತ್ತುಕೊಂಡು ಕೂತಿದ್ದೆ. ಜೋರಾಗಿಯೇ. ಕೇಳಿಸುವುದಿಲ್ಲವಲ್ಲ.

ಸೆಪ್ಟೆಂಬರ್ 29, ಸೋಮವಾರ

ನೆನ್ನೆ ಫೋನ್ ಮಾಡಲಿಲ್ಲ. ದಿನವಿಡೀ ಮಲಗಿಕೊಂಡು ಯೋಚಿಸಿದೆ. ತಪ್ಪು ನನ್ನದೇ. ಬಾ ಅನ್ನಲಿ ಅಂತ ನಾನು ಕಾದೆ, ನಗುತ್ತಿದ್ದಾಳೆ ಅಂತ ಅವರು ಸುಮ್ಮನಿದ್ದರು. ನಕ್ಕವಳು ನಾನು. ಸರಿ, ಬಾಯಿ ಬಿಟ್ಟು ಹೇಳಿಬಿಡುವುದು. ಮಾನ ಮರ್ಯಾದೆ ಮನೆಯವರ ಎದುರಿಗೆ ಯಾತಕ್ಕೆ? ಪೂರ್ತಿ ಬರುತ್ತೇನೆ, ಸಾಕಾಗಿದೆ, ನೀವಿಲ್ಲದೆ ಸಾಯುತ್ತಿದ್ದೇನೆ, ಇಷ್ಟೇ. ಬಸ್ಸಿನಲ್ಲಿ ಬರುವಾಗ ಬಾಯಿಪಾಠ ಮಾಡಿಕೊಂಡೆ.

ಇವತ್ತು ತಲೆ ಬಾಚಲಿಲ್ಲ, ಮುಖ ತೊಳೆಯಲಿಲ್ಲ.

ಮಗಳು ಎತ್ತಿದಳು. “ಇಟ್ಟೆ ಅಮ್ಮಾ,” ಅನ್ನುವಷ್ಟರಲ್ಲಿ, “ಇಡಬೇಡ,” ಅಂದೆ. “ಸೌಂಡ್ ಜಾಸ್ತಿ ಮಾಡು. ಅಪ್ಪನ್ನ ಕರಿ. ಇಬ್ಬರೂ ಎದುರಿಗೆ ಕೂತ್ಕೊಳ್ಳಿ.”

ಕೂತರು. ಎಷ್ಟು ದಿನವಾಗಿತ್ತು ಮುಖ ನೋಡಿ. ಇವರ ಕಿವಿಯ ಹತ್ತಿರ ಕೂದಲು ಪೂರಾ ಬೆಳ್ಳಗಾಗಿದೆ. ಮಗಳ ಮುಖ ಉದ್ದವಾಗಿದೆ, ನನ್ನಮ್ಮನ ಮುಖ ಬಂದಿದೆ.

“ಯಾಕೆ, ಹುಷಾರಿಲ್ವಾ? ಮುಖ ಯಾಕೆ ಹಾಗಿದೆ?” ಅಂದರು ಇವರು.

“ನಾನು ಊರಿಗೆ ಬರ್ತಾ ಇದೀನಿ,” ಅಂದೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಣ್ಣು ಮಿಟುಕಿಸುವಷ್ಟು ಹೊತ್ತು. ನಾನು ನೋಡದೆ ಇದ್ದಿದ್ದರೆ ಚೆನ್ನಾಗಿತ್ತು. ಶನಿವಾರ ಹೇಳಿದ ಆ ಭಯ ಇವರ ಮುಖದಲ್ಲಿ ಹಾಗೇ ಎದ್ದು ಬಂತು. ಇವರು ಹೆಗಲ ಮೇಲಿನ ಟವೆಲ್ಲಿಗೆ ಕೈ ಒರೆಸಿಕೊಂಡರು. ಒದ್ದೆಯಿಲ್ಲದ ಕೈ. ಒರೆಸುತ್ತಲೇ ಇದ್ದರು.

“ಬಾ ಬಾ,” ಅಂದರು. ನಾನು ತಿಂಗಳಿಡೀ ಕಾದ ಮಾತು. “ಬಾ. ಎಷ್ಟು ದಿನಕ್ಕೆ?”

ಮಗಳು ಉಸಿರು ಬಿಗಿಹಿಡಿದು ನನ್ನನ್ನೇ ನೋಡುತ್ತಿದ್ದಳು. ಬಾಯಿಪಾಠ ಮಾಡಿದ್ದೆಲ್ಲ ಹಾಗೇ ನಾಲಿಗೆಯ ಮೇಲಿತ್ತು.

“ಒಂದು ತಿಂಗಳು,” ಅಂದೆ.

“ಒಂದು ತಿಂಗಳಾ!” ಮಗಳು ಕಿರುಚಿ ಎದ್ದಳು. “ಅಜ್ಜೀ, ಅಮ್ಮ ಬರ್ತಾಳಂತೆ! ಒಂದು ತಿಂಗಳು ಇರ್ತಾಳಂತೆ!” ಇವರ ಬಿಗಿದ ಹೆಗಲು ಸಡಿಲವಾಯಿತು, ಮುಖ ಅರಳಿತು, ಕಣ್ಣಲ್ಲಿ ನೀರೇ ಬಂತು. ಸುಳ್ಳಲ್ಲ, ನಿಜವಾದ ಸಂತೋಷ. ಮದುವೆಯಾಗಿ ಇಷ್ಟು ವರ್ಷವಾಯಿತು, ನನಗೆ ಗೊತ್ತಾಗುವುದಿಲ್ಲವೆ? ಏನೇನು ಅಡುಗೆ ಮಾಡಬೇಕು, ಯಾರ್‍ಯಾರ ಮನೆಗೆ ಹೋಗಬೇಕು, ನನ್ನನ್ನು ಯಾವ ಕೋಣೆಯಲ್ಲಿ ಮಲಗಿಸಬೇಕು ಅಂತ ಮೂವರೂ ಒಟ್ಟಿಗೆ ಮಾತಾಡಿದರು. ಫೋನನ್ನು ಶೆಲ್ಫಿನ ಮೇಲೆ ಇಡಲೇ ಇಲ್ಲ, ಕೈಯಿಂದ ಕೈಗೆ ಕಿತ್ತುಕೊಂಡರು.

“ಅಷ್ಟು ದಿನ ರಜಾ ಕೊಟ್ರಾ? ಒಳ್ಳೇ ಜನ ಕಣೆ ಅವರು,” ಅಂದರು ಇವರು.

“ಹೂಂ ರೀ, ಬಹಳ ಒಳ್ಳೆಯವರು,” ಅಂದೆ. ನಕ್ಕೆ ಕೂಡ. ಚೆನ್ನಾಗಿಯೇ ನಕ್ಕಿರಬೇಕು, ಅವರೂ ನಕ್ಕರು.

ನಾಳೆ ಬೆಳಗ್ಗೆ ಹೋದವಳೇ ಗಡಿಯಾರಮ್ಮನಿಗೆ ಹೂಂ ಅನ್ನಬೇಕು.